ಭಾನುವಾರದ ಕುರ್ಚಿ

ಬಾಗಿಲಲ್ಲಿ ಬೀಗದ ಕೈ ತಿರುಗಿದ ಸದ್ದು ಕೇಳಿದ್ದೇ ತಡ, ಅತ್ತೆ ಕಿಟಕಿಯ ಸರಳು ಬಿಟ್ಟು ವೀಲ್‌ಚೇರಿಗೆ ಬಂದು ಬಿದ್ದಳು. ಶಾಲನ್ನು ಮೊಣಕಾಲಿನ ಮೇಲೆ ಎಳೆದುಕೊಂಡಳು. ಸೊಸೆ ಒಳಗೆ ಬರುವಷ್ಟರಲ್ಲಿ ಮುಖಕ್ಕೆ ಕಾಯಿಲೆಯ ಕಳೆ ತಂದುಕೊಂಡಾಗಿತ್ತು. ಏದುಸಿರನ್ನು ಮಾತ್ರ ಮುಚ್ಚಿಡಲಾಗಲಿಲ್ಲ.

“ಯಾಕತ್ತೆ, ಹೀಗೆ ಬೆವ್ತಿದೀರಿ?”

“ಸೆಕೆ ಕಣಮ್ಮ.”

ಈ ಕಳ್ಳಾಟ ಹೊಸದಲ್ಲ. ಮಗ, ಸೊಸೆ ಕೆಲಸಕ್ಕೆ ಹೊರಟ ಮೇಲೆ ಅತ್ತೆ ದಿನವೂ ಎದ್ದು ನಡೆಯುತ್ತಿದ್ದಳು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ. ಗುಟ್ಟು ಗೊತ್ತಿದ್ದದ್ದು ಎದುರುಮನೆಯ ಮುದುಕಿಗೆ ಒಬ್ಬಳಿಗೇ. ಚಳಿಯಿರಲಿ, ಮಳೆಯಿರಲಿ, ಬೆಳಗಾದರೆ ಬಡಾವಣೆಯ ಪಾರ್ಕನ್ನು ಬಿರಬಿರನೆ ಸುತ್ತಿ ಬರುವ ಆಕೆಗೆ ಇಡೀ ಕಟ್ಟಡವೇ ವಾಕಿಂಗ್ ಅಜ್ಜಿ ಎಂದು ಹೆಸರಿಟ್ಟಿತ್ತು.

ಅತ್ತೆಗೆ ನಾಟಕದ ಹುಚ್ಚೇನೂ ಇರಲಿಲ್ಲ. ಮಗನ ಹುಟ್ಟುಹಬ್ಬದ ದಿನ ಎಲ್ಲರೆದುರು ಎದ್ದು ನಿಲ್ಲಬೇಕು, ಅವನ ಹೆಗಲ ಭಾರ ಇಳಿಸಬೇಕು. ಅದೊಂದೇ ಆಸೆ.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಮುಂಚೆ ಭಾನುವಾರವೆಂದರೆ ಅವಳಿಗೆ ಮನೆ ಕಾಯುವ ಕೆಲಸ. ಗಂಡಹೆಂಡಿರು ನಗರಕ್ಕೆ ಹೋಗಿ ತಿಂದುಂಡು, ಸಿನಿಮಾ ನೋಡಿ, ಕೈತುಂಬ ಚೀಲ ಹಿಡಿದು ಬರುವರು. ಇವಳು ಬಾಗಿಲು ತೆಗೆಯುವಳು. ಬಿದ್ದ ಮೇಲೆ ಸೊಸೆಯ ಮನಸ್ಸು ಅದು ಹೇಗೋ ಕರಗಿತು. “ಅತ್ತೆ ಇಲ್ದೆ ನಾವೆಲ್ಲೂ ಹೋಗಲ್ಲ” ಎಂದು ಅವಳು ಗೆಳತಿಗೆ ಫೋನಿನಲ್ಲಿ ಹೇಳುವುದನ್ನು ಕಿವಿಯಾರೆ ಕೇಳಿ ಅತ್ತೆ ಗುಟ್ಟಾಗಿ ಕಣ್ಣೊರೆಸಿಕೊಂಡಿದ್ದಳು. ವ್ಯಾಯಾಮ ಮಾಡಿಸಲು ಬರುತ್ತಿದ್ದವನನ್ನು ಬಿಡಿಸಿದ್ದೂ ಸೊಸೆಯೇ. ಈ ವಯಸ್ಸಿನಲ್ಲಿ ಅವರಿಗೆ ಯಾಕೆ ಸುಮ್ಮನೆ ನೋವು ಕೊಡುವುದು ಎಂದಳು. ಹೆತ್ತ ಮಗಳಿದ್ದರೂ ಇಷ್ಟು ಮರುಗುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಅತ್ತೆಯ ವೈಭವ. ನದಿ ದಂಡೆಯ ಹೋಟೆಲು, ದೋಣಿವಿಹಾರ, ರಿಯಾಯಿತಿ ಮಾರಾಟ, ಅಂದೇ ಬಿಡುಗಡೆಯಾದ ಸಿನಿಮಾ. ಎಲ್ಲಿ ಕಾಲಿಡಲು ಜಾಗವಿಲ್ಲವೋ ಅಲ್ಲಿಗೇ ಕರೆದೊಯ್ಯುತ್ತಿದ್ದರು. ಜನ “ಪಾಪ” ಎಂದು ಸರಿದು ದಾರಿ ಬಿಟ್ಟರೆ ಅವಳಿಗೆ ಮುಜುಗರ. ಮಗ ಕುರ್ಚಿ ಮಡಚಿ ಕಾರಿನ ಡಿಕ್ಕಿಗೆ ಏರಿಸುವಾಗ ಉಸ್ಸೆಂದರೆ ಕರುಳು ಚುರ್ರೆನ್ನುತ್ತಿತ್ತು. ನನ್ನಿಂದ ನಿಮಗೆಷ್ಟು ತೊಂದರೆ ಎಂದರೆ ಅವನು ನಕ್ಕುಬಿಡುತ್ತಿದ್ದ.

“ನಿನ್ನಿಂದಾನೇ ಅಮ್ಮ, ನಮಗೆ ಇದೆಲ್ಲ.”

ಸೋಮವಾರ ಇದನ್ನೆಲ್ಲ ವಾಕಿಂಗ್ ಅಜ್ಜಿಗೆ ವರದಿ ಒಪ್ಪಿಸದಿದ್ದರೆ ಅತ್ತೆಗೆ ತಿಂದದ್ದು ಅರಗುತ್ತಿರಲಿಲ್ಲ. ಆಕೆಯನ್ನು ಮಕ್ಕಳು ಹೊರಗೆ ಕರೆದೊಯ್ದು ಯಾವ ಕಾಲವಾಗಿತ್ತೋ. ದೋಣಿಯಲ್ಲಿ ಗಾಳಿ ಹೇಗಿತ್ತು, ಐಸ್‌ಕ್ರೀಮಿನ ಮೇಲೆ ಏನೇನು ಹಾಕಿದ್ದರು ಎಂದು ಕೆದಕಿ ಕೆದಕಿ ಕೇಳುವಳು. ಆಮೇಲೆ ನಿಟ್ಟುಸಿರು ಬಿಟ್ಟು, “ಏಳಿ, ನಡೀರಿ. ಕೂತ್ರೆ ಕಾಲು ಕಟ್ಕೊಳ್ಳತ್ತೆ” ಎಂದು ರೆಟ್ಟೆ ಹಿಡಿದು ಎಬ್ಬಿಸುವಳು. ಅತ್ತೆ ಬೇಡವೆಂದ ದಿನವೂ ಬಿಡದೆ ನಡೆಸಿದವಳು ಅವಳೇ.

ಹುಟ್ಟುಹಬ್ಬ ಭಾನುವಾರವೇ ಬಂತು. ನದಿ ದಂಡೆಯ ಹೋಟೆಲಿನ ಸಾಲು ಮೆಟ್ಟಿಲಿಳಿದು ರಸ್ತೆ ಮುಟ್ಟಿತ್ತು. ಇವರನ್ನು ಕಂಡ ಕಾವಲುಗಾರ ಅಡ್ಡ ಹಗ್ಗ ಬಿಚ್ಚಿದ. ಅತ್ತೆ ತಡಿಯಪ್ಪ ಎಂದು ಮಗನ ಕೈ ತಟ್ಟಿದಳು. ಎದ್ದಳು. ಕುರ್ಚಿಯನ್ನು ಸುತ್ತಿ ನಡೆದು ಬಂದು ಅವನ ಕೆನ್ನೆ ಸವರಿದಳು.

ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮಗ ಬಿಚ್ಚಿದ ಹಗ್ಗದತ್ತ ನೋಡಿದ. ಸೊಸೆಯ ಕಣ್ಣು ತುಂಬಿತು. “ಮನೇಲೇ ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?” ಎಂದಷ್ಟೇ ಅಂದಳು. ಪಾಪ, ಸಂತೋಷ ತಡೆದುಕೊಳ್ಳಲಾಗಲಿಲ್ಲ ಎಂದುಕೊಂಡಳು ಅತ್ತೆ. ಅಂದು ಎಲ್ಲರ ಹಿಂದೆ, ತನ್ನ ಕಾಲ ಮೇಲೆ ತಾನೇ ನಿಂತು ಕಾಯುವಾಗ ಅವಳಷ್ಟು ಸುಖಿ ಆ ದಂಡೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮುಂದಿನ ಭಾನುವಾರ ಅತ್ತೆ ತಲೆ ಬಾಚಿ, ಹೊಸ ಚಪ್ಪಲಿ ಮೆಟ್ಟಿ ಎಲ್ಲರಿಗಿಂತ ಮುಂಚೆ ತಯಾರಾದಳು.

“ಈಗಷ್ಟೇ ಕಾಲು ಬಂದಿದೆ, ದಣೀಬೇಡಮ್ಮ” ಎಂದ ಮಗ, ಅವಳ ಮುಖ ನೋಡದೆ. “ಈ ವಾರ ಮನೇಲಿ ರೆಸ್ಟ್ ತಗೋ.”

ಅವನು ಕುರ್ಚಿ ಎತ್ತಿಕೊಂಡ. ಸೊಸೆ ಶಾಲು ತೆಗೆದುಕೊಂಡಳು. ಇನ್ನು ನನಗ್ಯಾಕೆ, ಕೈಲಾಗದವರು ಯಾರಿಗಾದರೂ ಕೊಟ್ಟುಬಿಡಿ ಎಂದು ವಾರವಿಡೀ ಹೇಳುತ್ತಿದ್ದವಳು ಅತ್ತೆಯೇ. ಹೇಳಿದ್ದನ್ನು ಮರೆಯದ ಮಕ್ಕಳು. ಅವರಿಗೆ ಕೈಬೀಸಲೆಂದು ಯಾರ ಆಸರೆಯೂ ಇಲ್ಲದೆ ಬಾಲ್ಕನಿಗೆ ನಡೆದು ಕೆಳಗೆ ಬಗ್ಗಿದಳು.

“ಸಾಲು ಹತ್ರ ಬಂದಾಗ ಸ್ವಲ್ಪ ನರಳಿದ್ರೆ ಸಾಕು” ಎನ್ನುತ್ತ ಸೊಸೆ ಕುರ್ಚಿಯಲ್ಲಿ ಕೂತವಳ ಮೊಣಕಾಲಿಗೆ ಶಾಲು ಹೊದಿಸುತ್ತಿದ್ದಳು. ಆಗಲಿ ಎಂದು ಖುಷಿಯಿಂದ ತಲೆಯಾಡಿಸಿದವಳು ವಾಕಿಂಗ್ ಅಜ್ಜಿ.