ಪೌಡರ್ ಉದುರಿಸಿದ ಕಾರು

ಮಗಳಿಗೆ ಪೌಡರ್ ಹಚ್ಚುವಾಗ ಇವತ್ತಿಗೂ ನನಗೆ ಸಾವರ್ಡೆ ಊರಿನ ಗ್ಯಾರೇಜಿನಲ್ಲಿದ್ದ ಆ ಹಳೇ ಕಾರಿನೊಳಗೆ ಕೂತಂತಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ದಿನ, ಅದರೊಳಗೆ ಮಳೆನೀರು ಎಲ್ಲಿಂದ ಸೋರುತ್ತದೆಂದು ಹುಡುಕಲು, ಮೆಕ್ಯಾನಿಕ್ ಆಗಿದ್ದ ಅಪ್ಪ ಕಿಟಕಿಯ ರಬ್ಬರಿನುದ್ದಕ್ಕೂ ಪೌಡರ್ ಉದುರಿಸಿ ನನ್ನನ್ನು ಒಳಗೆ ಕೂರಿಸಿದ.

"ಪೌಡರ್ ಎಲ್ಲಿ ತೊಯ್ತೈತಿ ನೋಡವಾ," ಎಂದು ಬಾಗಿಲು ಹಾಕಿ, ಹೊರಗಿನಿಂದ ಪೈಪಿನ ನೀರು ಬಿಟ್ಟ.

ಒಳಗಿನ ಹಿಡಿಕೆ ಮುರಿದಿತ್ತು. ಗಾಜಿನ ಮೇಲೆ ಹರಿಯುವ ನೀರಿನಲ್ಲಿ ಅಪ್ಪನ ಮುಖ ಕಲಸಿಹೋಗಿ, ಆಮೇಲೆ ಕಾಣದಾಯಿತು. ತಗಡಿನ ಮೇಲೆ ನೀರು ಬೀಳುವ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಅರಿವಿಲ್ಲದೆ ಲಂಗ ಬೆಚ್ಚಗೆ ಒದ್ದೆಯಾಯಿತು.

ಬಾಗಿಲು ತೆರೆದ ಅಪ್ಪ ನನ್ನನ್ನು ನೋಡಿದ, ಚರ್ಮದ ಸೀಟನ್ನು ನೋಡಿದ. ಕಾರಿನ ಸಾಹೇಬರು ಇತ್ತಲೇ ಬರುತ್ತಿದ್ದರು. ಅಪ್ಪ ಪೈಪನ್ನು ಒಳಗೆ ತಿರುಗಿಸಿ ನನ್ನನ್ನೂ ಸೀಟನ್ನೂ ಪೂರ್ತಿ ತೋಯಿಸಿಬಿಟ್ಟ.

"ಕೈ ಜಾರಿತ್ರಿ ಸಾಹೇಬ್ರ, ತಪ್ಪು ನಂದ ಐತ್ರಿ."