ಗುಣವಾದ ನೀಲವ್ವ

ತಾಲ್ಲೂಕು ಆಸ್ಪತ್ರೆಯಲ್ಲಿ ಈಗ ಡಾಕ್ಟರು ನೋಡುವುದು ರೋಗಿಯನ್ನಲ್ಲ, ಮೊಬೈಲಿನೊಳಗೆ ರೋಗಿಯ ಪರವಾಗಿ ಮಾತಾಡುವ ಅವರ ಪಡಿಯಚ್ಚನ್ನು. ಹಾಗಾಗಿ ಮೊಬೈಲಿನ ನೀಲವ್ವ ಒಳಗೆ ಹೋಗಿದ್ದಳು. ಮೊಣಕಾಲು ಊದಿದ ನೀಲವ್ವ ಹೊರಗೆ ಬೆಂಚಿನ ಮೇಲೆ ನರಳುತ್ತ ಕೂತಿದ್ದಳು.

"ಆಕಿಗೆ ಆರಾಮಾತು ನೋಡ್ರಿ. ಮನಿಗೆ ಕರ್ಕೊಂಡು ಹೋಗ್ರಿ," ಎಂದು ನರ್ಸ್ ಹೊರಗೆ ಬಂದು ಮೊಬೈಲನ್ನು ನೀಲವ್ವನ ಕೈಗಿತ್ತಳು.

"ನನ್ನ ಕಾಲು ಇನ್ನೂ ನೋಯಾಕತ್ತೇತಲ್ಲವ್ವ?"

"ನೋವಿಲ್ಲಂತ ಆಕಿನ ಹೇಳ್ಯಾಳ. ದೂರು ಕೊಡೂದಿದ್ರೂ ಆಕಿನ ಕೊಡಬೇಕ್ರಿ."

ತಪ್ಪು ತನ್ನದೇ ಇರಬಹುದೇ ಎಂದು ನೀಲವ್ವ ಮೊಣಕಾಲನ್ನು ಒತ್ತಿ ನೋಡಿದಳು, ಜೀವ ಹೋದಂತಾಯಿತು. ಅಷ್ಟರಲ್ಲಿ ಮೊಬೈಲು ಅವಳದೇ ದನಿಯಲ್ಲಿ ಆಸ್ಪತ್ರೆಗೆ ಅಭಿಪ್ರಾಯ ಒಪ್ಪಿಸತೊಡಗಿತು:

"ಭಾಳ ಛಲೋ ನೋಡಿದ್ರಿ. ಆದ್ರ ಇಲ್ಲಿ ಬೆಂಚಿನ ಮ್ಯಾಲೆ ಯಾರೋ ಒಬ್ಬಾಕಿ ಮುದುಕಿ ನರಳಾಕತ್ತಾಳ. ಆಕಿನ್ನ ಒಂದೀಟು ಎಬ್ಬಿಸಿ ಕಳಸ್ರಿ."