ತಟ್ಟೆ ಬಡಿಯದ ಮಧ್ಯಾಹ್ನ

ಗುಡ್ಡ ಕುಸಿದು ಅಡುಗೆಮನೆಯ ಮೇಲೆ ಬಿದ್ದಾಗ ಮೋಹಿನಿ ಒಳಗೆ ಕಾಫಿ ಮಾಡುತ್ತಿದ್ದಳು. ಗಂಡ ಲೀಲಾಧರ ಮುಂದಿನ ಹಾಲ್‌ನಲ್ಲಿ, ನೆಲಮಹಡಿಯ ಆ ಫ್ಲ್ಯಾಟ್ ನೋಡಲು ಬಂದ ಗಿರಾಕಿಯ ಎದುರು ಕೂತಿದ್ದ. ಗಿರಾಕಿ ಚಪ್ಪಲಿಯನ್ನೂ ಬಿಟ್ಟು ಓಡಿಹೋದ. ಲೀಲಾಧರ ಹಿಂದಕ್ಕೆ ಓಡಿ ಬರಿಗೈಯಲ್ಲಿ ಮಣ್ಣು ತೋಡತೊಡಗಿದ.

ಮುಂಬ್ರಾ ಬದಿಯ ಆ ತಗ್ಗಿಗೆ ಹಿಂದೆ ಗುಡ್ಡ, ಮುಂದೆ ರೈಲು ಹಳಿ, ಅದರಾಚೆ ಸಮುದ್ರದ ಹಿನ್ನೀರಿನ ಖಾಡಿ. ಗುಡ್ಡದ ಮೇಲಿನ ಚಾಳಿನವರಿಗೆ ಒಂದು ರೂಢಿ: ಮಳೆಗೆ ಒಂದು ಕಲ್ಲು ಉರುಳಿದರೂ ಸ್ಟೀಲ್ ತಟ್ಟೆ ಬಡಿಯುವುದು. ಒಬ್ಬರು ಶುರುಮಾಡಿದರೆ ಸಾಕು, ಮನೆಮನೆಯಿಂದಲೂ ತಟ್ಟೆ ಸದ್ದು. ಕೆಳಗಿನವರು ಮಕ್ಕಳನ್ನೆತ್ತಿಕೊಂಡು ರಸ್ತೆಗೆ ಬರುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಏನೂ ಆಗುತ್ತಿರಲಿಲ್ಲ, ನಿಜ. ಆದರೆ ಲೀಲಾಧರನಿಗೆ ಫ್ಲ್ಯಾಟ್ ಮಾರಿ ಸಾನಪಾಡಾಕ್ಕೆ ಹೋಗುವ ಆತುರ. ತಟ್ಟೆ ಸದ್ದು ಕೇಳಿದ ಇಬ್ಬರು ಗಿರಾಕಿಗಳು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಸಾಲದ್ದಕ್ಕೆ ಅವನೇ ಸೊಸೈಟಿಯ ಸೆಕ್ರೆಟರಿ. ಗದ್ದಲವೆಂದು ಪೊಲೀಸರಿಗೆ ದೂರು ಬರೆದು ನಲವತ್ತು ಮನೆಯವರ ಸಹಿ ಹಾಕಿಸಿದ್ದ. ಮಹಾ ಬುದ್ಧಿವಂತ!

ಮೇಲಿನ ಚಾಳಿನಿಂದ ಮರಗಮ್ಮ ಏದುಸಿರು ಬಿಡುತ್ತ ಓಡಿಬಂದಳು. ಲೀಲಾಧರನ ಮನೆಯಲ್ಲೇ ಪಾತ್ರೆ ತೊಳೆಯುವವಳು.

"ತಟ್ಟೆ ಯಾಕೆ ಬಡಿಲಿಲ್ಲ ನೀವು? ಕಣ್ಣು ಕಾಣುದಿಲ್ವಾ ನಿಮ್ಗೆ?" ಲೀಲಾಧರ ಕಿರುಚಿದ.

"ಕಲ್ಲು ಉಳ್ಳೋದು ನೋಡಿದ್ನಿರೀ ಸಾಹೇಬ್ರ. ಆದ್ರ ಮೊನ್ನೆ ಹವಾಲ್ದಾರ ಬಂದು, ಇನ್ನೊಮ್ಮೆ ಬಡದ್ರ ಒಳಗ ಹಾಕ್ತೀನಿ ಅಂದು ಎಲ್ಲಾರ ಕಡೆ ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗ್ಯಾನಲ್ರೀ. ಅದಕ್ಕ ನಿಮಗ ಫೋನ್ ಹಚ್ಚಿದ್ನಿ. ಎರಡೂ ಸಲ ಕಟ್ ಮಾಡಿದ್ರಿ."

ಹೌದು, ಮಾಡಿದ್ದ. ಮಳೆಯೆಂದು ರಜೆ ಕೇಳುತ್ತಾಳೆ, ಗಿರಾಕಿಯ ಎದುರು ಕೆಲಸದವಳ ಫೋನ್ ಎತ್ತುವುದೇನು ಅಂದುಕೊಂಡಿದ್ದ. ಮರಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಪಕ್ಕದಲ್ಲೇ ಕೂತು ಮಣ್ಣು ತೋಡತೊಡಗಿದಳು.

ಆ ಇಕ್ಕಟ್ಟಿನ ರಸ್ತೆಯಲ್ಲಿ ಅಗ್ನಿಶಾಮಕದವರು ಒಳಗೆ ಬರುವಷ್ಟರಲ್ಲಿ ಒಂದು ತಾಸು ಕಳೆದಿತ್ತು. ಅವರ ಅಧಿಕಾರಿ ಕೈಯೆತ್ತಿ, "ಸಬ್ ಚುಪ್!" ಎಂದು ಕೂಗಿದ. ಮಣ್ಣಿನಡಿಯಿಂದ ಉಸಿರೋ, ನರಳುವ ಸದ್ದೋ ಬರುತ್ತದೆಯೇ ಎಂದು ಕೇಳಬೇಕಿತ್ತು.

ಇಡೀ ತಗ್ಗು ಸುಮ್ಮನಾಯಿತು. ಲೀಲಾಧರ ಬೋರಲು ಬಿದ್ದು ಕೆಸರಿಗೆ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ.

"ಮೋಹಿನೀ," ಎಂದು ಮಣ್ಣಿನೆದುರು ಅಂಗಲಾಚಿದ, "ಒಂದು ಸದ್ದು ಮಾಡು ಮಾರಾಯ್ತಿ. ಒಂದೇ ಒಂದು."